ಲಂಕೆಯಲ್ಲಿ ರೈಲು ನಿಲ್ಲಿಸಿದ್ದು

ಲಂಕೆಗೆ ಹೋಗಿ ಬಂದ ಮೇಲೆ ನಮ್ಮ ಜರಗನಹಳ್ಳಿಯಲ್ಲಿ ಎರಡು ಕಥೆ ಓಡಾಡುತ್ತಿವೆ. ಒಂದು, ಮುನಿಸ್ವಾಮಿಗೆ ಅಲ್ಲಿ ತಲೆ ಕೆಟ್ಟು ರೈಲಿನ ಅಡಿಗೆ ಬೀಳೋಕೆ ಹೋಗಿದ್ದ ಅಂತ. ಇನ್ನೊಂದು, ಗಂಡ ಹೆಂಡತಿ ಇಬ್ಬರನ್ನೂ ಅಲ್ಲಿಯ ಮಿಲಿಟರಿಯವರು ಹಿಡಿದು ಕೂರಿಸಿದ್ದರು, ಯಾತ್ರೆಗೆ ಹೋದವರ ಮರ್ಯಾದೆಯೆಲ್ಲ ಹೋಯ್ತು ಅಂತ. ಮೊದಲನೆಯದು ಸುಳ್ಳು. ಎರಡನೆಯದು ಅರ್ಧ ನಿಜ. ಕೂರಿಸಿದ್ದು ನಿಜ. ಮರ್ಯಾದೆ ಹೋಗಿಲ್ಲ.

ನಾನು ಮುನಿಸ್ವಾಮಿಯ ಹೆಂಡತಿ ಜಯಮ್ಮ. ನಮ್ಮ ಬುದ್ಧವಿಹಾರದಿಂದ ಒಂದು ಸಣ್ಣ ಪತ್ರಿಕೆ ಬರುತ್ತದೆ. ಯಾತ್ರೆಯ ಅನುಭವ ಬರೆದುಕೊಡಿ ಎಂದು ಅದರವರು ಕೇಳಿದರು. ಅನುರಾಧಪುರದ ಬೋಧಿವೃಕ್ಷ, ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇಟ್ಟಿರುವ ದಂತಮಂದಿರ, ಇವುಗಳ ಬಗ್ಗೆ ಜೊತೆಯಲ್ಲಿ ಬಂದವರು ಬರೆಯುತ್ತಾರೆ, ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ಬರೆಯುವುದು ಒಂದು ರೈಲ್ವೆ ಸ್ಟೇಷನ್ನಿನ ಬಗ್ಗೆ. ಅದರ ಹೆಸರು ಮಾತ್ರ ಬರೆಯುವುದಿಲ್ಲ. ಅಲ್ಲಿ ಒಬ್ಬನ ಹೊಟ್ಟೆಪಾಡಿದೆ.

ಹೊರಡುವ ಮುಂಚೆ

ನಮ್ಮವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಅಂದರೆ ಇಂಜಿನ್ನಿಗೂ ಬೋಗಿಗೂ ಗಂಟು ಹಾಕುವ, ಗಂಟು ಬಿಚ್ಚುವ ಕೆಲಸ. ಪ್ರತಿ ಬೋಗಿಯ ತುದಿಯಲ್ಲೂ ಎರಡು ಬಫರ್ ಇರುತ್ತವೆ. ದೋಸೆ ಕಾವಲಿಯಷ್ಟು ಅಗಲದ ಕಬ್ಬಿಣದ ಬಿಲ್ಲೆಗಳು, ಹಿಂದೆ ಸ್ಪ್ರಿಂಗು. ಅವೆರಡರ ನಡುವೆ ಒಂದು ಕೊಕ್ಕೆ, ಕೊಕ್ಕೆಯಲ್ಲಿ ನೇತಾಡುವ ತಿರುಪಿನ ಕಪ್ಲಿಂಗು. ಇವರು ಬಫರಿನ ಕೆಳಗೆ ಬಗ್ಗಿ ಒಳಗೆ ನುಗ್ಗಬೇಕು, ನಡುವೆ ನಿಂತು ಆ ಕಪ್ಲಿಂಗನ್ನು ಎತ್ತಿ ಎದುರಿನ ಕೊಕ್ಕೆಗೆ ಹಾಕಬೇಕು, ತಿರುಪು ಬಿಗಿ ಮಾಡಬೇಕು, ಬ್ರೇಕಿನ ಪೈಪು ಸೇರಿಸಬೇಕು, ಮತ್ತೆ ಬಗ್ಗಿ ಹೊರಗೆ ಬರಬೇಕು. ಇಂಜಿನ್ ಬಂದು, ಬಫರಿಗೆ ಬಫರ್ ತಾಗಿ, ಪೂರ್ತಿ ನಿಂತ ಮೇಲೆಯೇ ಒಳಗೆ ಹೋಗಬೇಕು ಅಂತ ರೂಲ್ಸಿದೆ. ಆದರೆ ಇಂಜಿನ್ ಬರುತ್ತಿರುವಾಗಲೇ ಒಳಗೆ ಹೋಗಿ ಕಪ್ಲಿಂಗ್ ಎತ್ತಿ ಹಿಡಿದು ನಿಂತರೆ ಒಂದೆರಡು ನಿಮಿಷ ಉಳಿಯುತ್ತದೆ. ಆ ಒಂದೆರಡು ನಿಮಿಷದ ಮೇಲೆ ಎಲ್ಲರಿಗೂ ಕಣ್ಣು.

ಪಳನಿ ಅಂತ ನಮ್ಮವರ ಜೊತೆಗಾರ ಒಬ್ಬ ಇದ್ದ. ಅವನ ಜೊತೆ ಸೇರಿಯೇ ನಮ್ಮವರು ತಮಿಳು ಕಲಿತದ್ದು. ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟು ತಿಂದು ನಮ್ಮ ಜಗಲಿಯಲ್ಲೇ ಮಲಗಿ ಹೋಗುತ್ತಿದ್ದ. ಮೀಟರ್ ಗೇಜ್ ಹೋಗಿ ಅಗಲ ಹಳಿ ಬಂದ ಹೊಸತು. ಮೀಟರ್ ಗೇಜಿನಲ್ಲಿ ನಡುವೆ ಒಂದೇ ಬಫರ್ ಇರುತ್ತಿತ್ತು, ಅಗಲ ಹಳಿಯಲ್ಲಿ ಆಚೆ ಈಚೆ ಎರಡು. ಒಂದು ಮಳೆಗಾಲದ ದಿನ ಇಂಜಿನ್ ಬರುತ್ತಿರುವಾಗಲೇ ಪಳನಿ ಬಗ್ಗಿ ಒಳಗೆ ಹೋಗುತ್ತಿದ್ದ, ಕಾಲು ಜಾರಿತು. ಅವನು ಸಾವರಿಸಿಕೊಂಡು ತಲೆ ಎತ್ತುವುದಕ್ಕೂ ಬಫರುಗಳು ಸೇರುವುದಕ್ಕೂ ಸರಿಹೋಯಿತು.

ಮರುದಿನದಿಂದ ನಮ್ಮವರು ಒಂದು ಹಟ ಹಿಡಿದರು. ಇಂಜಿನ್ ನಿಲ್ಲದೆ ನಾನು ಒಳಗೆ ಹೋಗಲ್ಲ ಅಂದರು. ಮೇಲಿನವರು ಬೈದರು, ಚಾರ್ಜ್‌ಶೀಟ್ ಕೊಟ್ಟರು, ಬಸ್ಸಿಲ್ಲದ ಸ್ಟೇಷನ್ನಿಗೆ ಎತ್ತಿ ಹಾಕಿದರು. ಇವರು ಹೋದರು, ಅಲ್ಲೂ ಅದೇ ಮಾತು. ರಿಟೈರ್ ಆಗುವವರೆಗೂ ಅದೇ ಮಾತು.

ಇಷ್ಟು ವರ್ಷದಲ್ಲಿ ಇವರ ಕೆಲಸವನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಯಾರ್ಡಿನೊಳಗೆ ಹೆಂಗಸರನ್ನು ಯಾರು ಬಿಡುತ್ತಾರೆ? ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಪಳನಿ ಸತ್ತ ಮೇಲೆ, ಸೂಪರ್‌ವೈಸರ್ ಬಂದು "ಗೇಟ್ ಹತ್ರ ಯಾರೋ ಬಂದವ್ರೆ" ಅಂತ ಯಾರನ್ನೇ ಕರೆದರೂ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಬೇರೆಯವರ ಹೆಸರು ಕೂಗಿದ ಮೇಲೆ ಮತ್ತೆ ತುಳಿಯುತ್ತಿದ್ದೆ.

ಯಾತ್ರೆಗೆ ಕರೆದುಕೊಂಡು ಹೋದವರು ಸಿದ್ದರಾಜು ಮೇಷ್ಟ್ರು. ಹೈಸ್ಕೂಲಿನಲ್ಲಿದ್ದು ರಿಟೈರ್ ಆದವರು, ನಮ್ಮ ವಿಹಾರಕ್ಕೆ ಹಿರಿಯರು. ಎಲ್ಲರ ಪಾಸ್‌ಪೋರ್ಟು, ಟಿಕೆಟ್ಟು ತಮ್ಮ ಚರ್ಮದ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದರು. ಹೊರಡುವ ಹಿಂದಿನ ದಿನ ನಮ್ಮ ಮನೆಗೆ ಬಂದು ನಮ್ಮವರಿಗೆ ಮೆತ್ತಗೆ ಹೇಳಿದರು.

"ಮುನಿಸ್ವಾಮಿ, ಅಲ್ಲಿ ಯಾರಾದ್ರು ಕೇಳಿದ್ರೆ ರೈಲ್ವೇಸ್ ಅನ್ನಿ ಸಾಕು. ಪಾಯಿಂಟ್ಸ್‌ಮನ್ ಅಂತೆಲ್ಲ ಬಿಡಿಸಿ ಹೇಳೋದ್ ಬೇಡ."

"ಯಾಕ್ ಸಾರ್, ಪಾಯಿಂಟ್ಸ್‌ಮನ್ ಅಂದ್ರೆ ವೀಸಾ ಕೊಡಲ್ವಾ?"

ಮೇಷ್ಟ್ರು ಕಾಫಿ ಪೂರ್ತಿ ಕುಡಿಯದೆ ಎದ್ದರು.

ಕೊಲಂಬೊ

ಕೊಲಂಬೊದಲ್ಲಿ ಇಳಿದಾಗ ನನಗೆ ಮೊದಲು ಮೋಸ ಮಾಡಿದ್ದು ಅಲ್ಲಿಯ ಅಕ್ಷರ. ಬೋರ್ಡುಗಳಲ್ಲೆಲ್ಲ ದುಂಡು ದುಂಡಾಗಿ ನಮ್ಮ ಅಕ್ಷರದ ಹಾಗೇ ಕಾಣುತ್ತಿತ್ತು. ದೂರದಿಂದ ನೋಡಿ, ಇದು ಓದಬಹುದು ಅನ್ನಿಸಿ ಹತ್ತಿರ ಹೋದರೆ ಒಂದೂ ಹತ್ತುತ್ತಿರಲಿಲ್ಲ. ಪರಿಚಯದ ಮುಖ ಅಂತ ನಕ್ಕು ಮಾತಾಡಿಸಿದರೆ ಬೇರೆ ಯಾರೋ ಆಗಿದ್ದ ಹಾಗೆ. ಎರಡು ದಿನ ಆದರೂ ನನಗೆ ಆ ಅಭ್ಯಾಸ ಬಿಡಲಿಲ್ಲ.

ಹೋಟೆಲಿನಲ್ಲಿ ಕೂತರೆ ಕೇಳುವುದಕ್ಕೆ ಮುಂಚೆ ಒಂದು ತಟ್ಟೆ ತುಂಬ ಬನ್ನು, ರೋಲು, ಪ್ಯಾಟೀಸು ತಂದು ಮುಂದೆ ಇಡುತ್ತಾರೆ. ಇಟ್ಟಿದ್ದಾರಲ್ಲ ಅಂತ ನಮ್ಮ ಗುಂಪಿನವರು ಕಷ್ಟಪಟ್ಟು ಎಲ್ಲ ಮುಗಿಸಿದರು. ಆಮೇಲೆ ಗೊತ್ತಾಯಿತು, ತಿಂದಷ್ಟಕ್ಕೆ ಲೆಕ್ಕ, ಉಳಿದದ್ದು ವಾಪಸ್ಸು. ನಮ್ಮ ಕಡೆ ಎಲೆಯಲ್ಲಿ ಬಿಡಬಾರದು ಅಂತ ಕಲಿಸಿದ್ದು ಅಲ್ಲಿ ಹೊಟ್ಟೆಗೆ ಕಷ್ಟವಾಯಿತು.

ವಿಹಾರಕ್ಕೆ ಹೋದಾಗ ಮಾತ್ರ ಮನಸ್ಸು ತುಂಬಿತು. ಅಂಗಡಿಯವನು, ಆಫೀಸಿನವನು, ಮಾರ್ಕೆಟ್ಟಿನ ಹೆಂಗಸು, ಎಲ್ಲರೂ ಬಿಳಿ ಬಟ್ಟೆ ಉಟ್ಟು ಬರಿಗಾಲಲ್ಲಿ ಸಾಲಾಗಿ ನೆಲದ ಮೇಲೆ ಕೂತಿದ್ದರು. ಯಾರ ಪಕ್ಕ ಯಾರು ಅಂತ ಯಾರೂ ನೋಡುತ್ತಿರಲಿಲ್ಲ. ನಮ್ಮವರು ಅದನ್ನೇ ತುಂಬ ಹೊತ್ತು ನೋಡುತ್ತ ಕೂತರು. ಒಬ್ಬ ವಯಸ್ಸಾದ ಭಿಕ್ಕು ನಮ್ಮನ್ನು ವಿಚಾರಿಸಿಕೊಂಡರು. ಮೇಷ್ಟ್ರು ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತ ನಮ್ಮವರ ಹತ್ತಿರ ಬಂದು "ರೈಲ್ವೆ ಆಫೀಸರ್" ಅಂದರು.

"ನೋ ಸಾರ್. ಪಾಯಿಂಟ್ಸ್‌ಮನ್. ಕಪ್ಲಿಂಗ್," ಅಂದರು ನಮ್ಮವರು, ಎರಡು ಮುಷ್ಟಿ ಎದುರುಬದುರು ಹಿಡಿದು ತಾಗಿಸಿ ತೋರಿಸಿದರು.

ಭಿಕ್ಕು ತಲೆಯಾಡಿಸಿ, ಟೀ ಕುಡಿದಿರಾ ಅಂತ ಕೇಳಿದರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಷ್ಟ್ರು ಅವತ್ತು ಸಂಜೆಯವರೆಗೆ ನಮ್ಮ ಜೊತೆ ಮಾತಾಡಲಿಲ್ಲ.

ಬಯಲು ದಾಟುವ ರೈಲು

ಕೊಲಂಬೊದಿಂದ ಕ್ಯಾಂಡಿಗೆ ರೈಲು. ನಮಗೆ ಸಿಕ್ಕಿದ್ದು ಕಟ್ಟಕಡೆಯ ಬೋಗಿ. ಬಾಗಿಲಲ್ಲಿ ಜನ ದ್ರಾಕ್ಷಿಗೊಂಚಲಿನ ಹಾಗೆ ನೇತಾಡುತ್ತಿದ್ದರು. ಆಗ ಆ ದೇಶದಲ್ಲಿ ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡೆಯುತ್ತಿದ್ದ ಯುದ್ಧ ತಾತ್ಕಾಲಿಕವಾಗಿ ನಿಂತಿತ್ತು. ಆದರೂ ಸ್ಟೇಷನ್ನುಗಳಲ್ಲಿ ಬಂದೂಕು ಹಿಡಿದ ಸೈನಿಕರು ಇದ್ದರು. ಜನ ಅವರ ಪಕ್ಕದಲ್ಲೇ ಹೂ ಕೊಳ್ಳುತ್ತ, ಮಕ್ಕಳ ಮೂಗು ಒರೆಸುತ್ತ ಓಡಾಡುತ್ತಿದ್ದರು.

"ವಡೇ, ವಡೇ" ಅಂತ ಒಬ್ಬ ಬುಟ್ಟಿ ಹೊತ್ತು ಬಂದ. ಮೈಸೂರು ರೈಲಿನಲ್ಲಿ ಮದ್ದೂರು ವಡೆಗೆ ಕೈ ಚಾಚಿದ ಹಾಗೇ ನಾನು ಕೈ ಚಾಚಿದೆ. ಅವನು ಯಾರೋ ಹುಡುಗರ ಶಾಲೆಯ ಲೆಕ್ಕದ ಹಾಳೆಯಲ್ಲಿ ಸುತ್ತಿ ಕೊಟ್ಟ. ಬಿಚ್ಚಿದರೆ ವಡೆಯ ಮೇಲೆ ಮೀಸೆ, ಕಾಲು ಸಮೇತ ಸೀಗಡಿ ಕೂತಿತ್ತು. ಯಾತ್ರೆ ಮುಗಿಯುವವರೆಗೆ ಮಾಂಸ ಮುಟ್ಟಬಾರದು ಅಂತ ಮೇಷ್ಟ್ರು ಎಲ್ಲರ ಹತ್ತಿರ ಮಾತು ತೆಗೆದುಕೊಂಡಿದ್ದರು. ನಾನು ಏನು ಮಾಡುವುದು ಅಂತ ನೋಡುತ್ತಿರುವಾಗಲೇ ನಮ್ಮವರು ಅದನ್ನು ತೆಗೆದುಕೊಂಡು, ಕಿಟಕಿಯ ಕಡೆ ತಿರುಗಿ, ತಿಂದು ಮುಗಿಸಿದರು.

"ರೀ, ಮಾತು ಕೊಟ್ಟಿದ್ವಲ್ಲ."

"ಮಾತು ಕೊಟ್ಟಿದ್ದು ಮಾಂಸಕ್ಕೆ, ವಡೆಗಲ್ಲ," ಅಂದರು.

ಹೊರಗೆ ಗದ್ದೆ, ತೆಂಗು, ಗದ್ದೆಯ ನಡುವೆ ಬಿಳಿ ಸ್ತೂಪ. ಇವರು ಅದು ಯಾವುದನ್ನೂ ನೋಡುತ್ತಿರಲಿಲ್ಲ. ಪ್ರತಿ ಸ್ಟೇಷನ್ನಿನಲ್ಲಿ ಪಕ್ಕದ ಹಳಿಯಲ್ಲಿ ನಿಂತ ಬೋಗಿಗಳನ್ನೇ ನೋಡುತ್ತಿದ್ದರು. "ನಮ್ದೇ ಅಗಲ. ನಮ್ದೇ ಕೊಕ್ಕೆ. ನಮ್ದೇ ಬಫರ್," ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು.

ಬೆಟ್ಟದ ಬುಡ

ಬೆಟ್ಟ ಶುರುವಾಗುವ ಜಾಗದಲ್ಲಿ ಒಂದು ಸ್ಟೇಷನ್. ಏರು ಹತ್ತಲು ಮುಂದಿನ ಒಂದು ಇಂಜಿನ್ ಸಾಲದು, ಹಿಂದಿನಿಂದ ತಳ್ಳುವುದಕ್ಕೆ ಇನ್ನೊಂದು ಇಂಜಿನ್ ಕಟ್ಟುತ್ತಾರೆ. ನಮ್ಮ ಸಕಲೇಶಪುರದ ಘಾಟಿಯಲ್ಲೂ ಹೀಗೇ ಅಂತ ನಮ್ಮವರು ಹೇಳಿದರು. ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ ಅಂತ ಎಲ್ಲರೂ ಕೆಳಗೆ ಇಳಿದರು. ನಾನು ಟೀ ಅಂಗಡಿಗೆ ಹೋದೆ. ಇವರು ಬೋಗಿಯ ಹಿಂದಕ್ಕೆ ಹೋದರು.

ಟೀಗೆ ದುಡ್ಡು ಕೊಡುತ್ತಿದ್ದೆ. "ನಿಲ್ಲು, ನಿಲ್ಲು" ಅಂತ ಒಂದು ಕೂಗು ಕೇಳಿಸಿತು. ಇವರ ದನಿಯೇ. ಅದರ ಹಿಂದೆಯೇ ಬ್ರೇಕು ಕಿರುಚಿತು. ಆಮೇಲೆ ಏನೂ ಸದ್ದಿಲ್ಲ. ಗ್ಲಾಸು ಅಲ್ಲೇ ಬಿಟ್ಟು ಓಡಿದೆ.

ನಾನು ತಲುಪಿದಾಗ ನಮ್ಮವರು ಹಳಿಯ ಮೇಲೆ ನಿಂತಿದ್ದರು, ಎರಡೂ ಕೈ ತಲೆಯ ಮೇಲೆ ಎತ್ತಿಕೊಂಡು. ರೈಲ್ವೆಯವರ ಭಾಷೆಯಲ್ಲಿ ಹಾಗೆ ಎರಡೂ ಕೈ ಎತ್ತಿದರೆ ಅಪಾಯ, ನಿಲ್ಲಿಸು ಅಂತ. ಇಂಜಿನ್ನು ಅವರು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ನಿಂತಿತ್ತು. ಅವರ ಬೆನ್ನ ಹಿಂದೆ, ನಮ್ಮ ಬೋಗಿಗೆ ಒತ್ತಿಕೊಂಡ ಹಾಗೆ, ಖಾಕಿ ಚಡ್ಡಿಯ ಒಬ್ಬ ಕಪ್ಲಿಂಗ್ ಎತ್ತಿ ಹಿಡಿದು ನಿಂತಿದ್ದ. ಅಲ್ಲಿಯ ಶಂಟರ್, ನಮ್ಮವರು ಮಾಡುತ್ತಿದ್ದ ಕೆಲಸವನ್ನೇ ಮಾಡುವವನು. ಇಂಜಿನ್ ಚಲಿಸುತ್ತಿರುವಾಗಲೇ ಒಳಗೆ ಹೋಗಿ ಕಾಯುತ್ತಿದ್ದವನು ಅವನೇ.

ಅವನು ನಮ್ಮವರಿಗೆ ಕೈ ಮುಗಿಯುತ್ತಾನೆ ಅಂದುಕೊಂಡೆ. ಅವನು ಕಪ್ಲಿಂಗ್ ಕೆಳಗೆ ಬಿಟ್ಟು, ಬಂದು, ಇವರ ಎದೆಗೆ ಕೈಹಾಕಿ ತಳ್ಳಿದ. ಮೇಲಿನಿಂದ ಡ್ರೈವರ್ ಬೈಯುತ್ತಿದ್ದ. ಬಿಳಿ ಸಮವಸ್ತ್ರದ ಸ್ಟೇಷನ್ ಮಾಸ್ಟರ್ ಓಡಿ ಬಂದರು, ಹಿಂದೆಯೇ ಇಬ್ಬರು ಸೈನಿಕರು. ನಮ್ಮ ಗುಂಪಿನವರೆಲ್ಲ ಪ್ಲಾಟ್‌ಫಾರಂ ಅಂಚಿನಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು.

"ಏನ್ರೀ ಇದು ಮುನಿಸ್ವಾಮಿ," ಅಂದರು ಮೇಷ್ಟ್ರು. "ಪರದೇಶದಲ್ಲಿ ಬಂದು ರೈಲಿಗೆ ಅಡ್ಡ ನಿಲ್ತೀರಲ್ಲ. ಸಾರಿ ಕೇಳಿ ಬನ್ನಿ, ಹೊರಡೋಣ."

"ನಾನು ಯಾಕ್ ಸಾರ್ ಸಾರಿ ಕೇಳ್ಲಿ? ಒಳಗೆ ಮನುಷ್ಯ ಇರುವಾಗ ಇಂಜಿನ್ ಬಂತು. ನಿಲ್ಸಿದೆ."

ಸ್ಟೇಷನ್ ಮಾಸ್ಟರ್ ಇವರಿಬ್ಬರೂ ಇಲ್ಲೇ ಇರಬೇಕು, ವಿಚಾರಣೆ ಆಗಬೇಕು ಅಂದರು. ರೈಲು ಕಾಯುವ ಹಾಗಿರಲಿಲ್ಲ. ಮೇಷ್ಟ್ರು ಗುಂಪನ್ನು ಹತ್ತಿಸಿದರು. ಕ್ಯಾಂಡಿಗೆ ಹೋಗಿ ಫೋನ್ ಮಾಡ್ತೀನಿ ಅಂದರು. ಕಿಟಕಿಯಿಂದ ಯಾರೋ ನನ್ನ ಚೀಲ ಕೆಳಗೆ ಕೊಟ್ಟರು. ರೈಲು ತಿರುವು ದಾಟಿ ಕಾಣದಾದ ಮೇಲೆ ನನಗೆ ಹೊಳೆಯಿತು. ನಮ್ಮ ಪಾಸ್‌ಪೋರ್ಟು ಮೇಷ್ಟ್ರ ಬ್ಯಾಗಿನಲ್ಲಿ ಬೆಟ್ಟ ಹತ್ತುತ್ತಿತ್ತು.

ಸ್ಟೇಷನ್ ಮಾಸ್ಟರ ಕೋಣೆ

ಒಳಗೆ ಕೂರಿಸಿದರು. ಒಬ್ಬ ಸೈನಿಕ ಬಾಗಿಲಲ್ಲಿ ನಿಂತ, ಇನ್ನೊಬ್ಬ ನಮ್ಮೆದುರಿಗೆ. ಎದುರಿಗಿದ್ದವನು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ ನೀನು ತಮಿಳನಾ ಅಂತ. ಇವರು ಕೂಗಿದ ಮಾತನ್ನು ಅವನು ಕೇಳಿಸಿಕೊಂಡಿದ್ದ. ನಿಲ್ಲು ಅನ್ನುವುದು ನಮ್ಮಲ್ಲೂ ನಿಲ್ಲು, ತಮಿಳಿನಲ್ಲೂ ನಿಲ್ಲು. ಆ ದೇಶದಲ್ಲಿ, ಆ ದಿನಗಳಲ್ಲಿ, ತಮಿಳು ಮಾತಾಡುವ ಗಂಡಸು ರೈಲಿಗೆ ಅಡ್ಡ ನಿಂತ ಅಂದರೆ ಅದು ಸಣ್ಣ ಮಾತಾಗಿರಲಿಲ್ಲ. ನಮಗದು ಆಮೇಲೆ ಅರ್ಥವಾಯಿತು.

"ಕನ್ನಡ," ಅಂದರು ಇವರು. "ಕರ್ನಾಟಕ. ಬೆಂಗಳೂರು."

ಸೈನಿಕನಿಗೆ ಬೆಂಗಳೂರು ಗೊತ್ತಿತ್ತು, ಕನ್ನಡ ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಕೇಳಿದ. ಇಲ್ಲ. ನನ್ನ ಚೀಲ ಬಿಚ್ಚಿಸಿದ. ಸೀರೆ, ಸೊಳ್ಳೆಬತ್ತಿ, ಮಂಡಿನೋವಿನ ಎಣ್ಣೆ, ಅದರ ಕೆಳಗೆ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ನೋಡಿ ಅವನು ಹಿಂದಕ್ಕೆ ಸರಿದ. ಡಬ್ಬಿ ತುಂಬ ಕಂದು ಬಣ್ಣದ ಪುಡಿ.

ರಾಗಿ ಹುರಿಹಿಟ್ಟು. ಎಲ್ಲಿಗೆ ಹೋದರೂ ನಾನು ಬಿಡುವವಳಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಾನು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು, ಭಯಕ್ಕೆ ಬಾಯಲ್ಲಿ ಎಂಜಲೂ ಇರಲಿಲ್ಲ. ಗಂಟಲಿಗೆ ಸಿಕ್ಕಿಕೊಂಡು ಕೆಮ್ಮು ಹತ್ತಿತು, ಕೆಮ್ಮಿದ್ದಕ್ಕೆ ಸೈನಿಕನ ಅಂಗಿಯ ಮೇಲೆಲ್ಲ ಹಿಟ್ಟು. ಸ್ಟೇಷನ್ ಮಾಸ್ಟರ್ ಎದ್ದು ನೀರು ತಂದು ಕೊಟ್ಟರು. ಆಮೇಲೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೂಸಿ, ನಾಲಿಗೆಗೆ ಹಾಕಿ, "ಕುರಕ್ಕನ್" ಅಂದರು. ಅವರ ಭಾಷೆಯಲ್ಲಿ ರಾಗಿಗೆ ಹಾಗೆ ಅನ್ನುತ್ತಾರಂತೆ. ಅವರ ತಾಯಿ ಅದರಲ್ಲಿ ರೊಟ್ಟಿ ಮಾಡುತ್ತಿದ್ದರಂತೆ. ಸೈನಿಕ ಅಂಗಿ ಕೊಡವಿಕೊಂಡು ಮೊದಲ ಸಲ ನಕ್ಕ.

ಅಷ್ಟರಲ್ಲಿ ಕ್ಯಾಂಡಿಯಿಂದ ಫೋನ್ ಬಂತು. ಮೇಷ್ಟ್ರು ನಮ್ಮ ಪಾಸ್‌ಪೋರ್ಟ್ ನಂಬರ್ ಓದಿ ಹೇಳಿದರು, ಇವರು ಯಾತ್ರೆಗೆ ಬಂದವರೇ ಅಂತ ಒಪ್ಪಿಸಿದರು. ಅದಕ್ಕೆ ಅವರಿಗೆ ನಾನು ಇವತ್ತಿಗೂ ಕೃತಜ್ಞಳು. ಆಮೇಲೆ ಫೋನ್ ನಮ್ಮವರಿಗೆ ಕೊಡಿಸಿದರು. ಆಚೆಯ ಮಾತು ನನಗೂ ಕೇಳುತ್ತಿತ್ತು.

"ಡ್ರೈವರಿಗೆ, ಸ್ಟೇಷನ್ ಮಾಸ್ಟರಿಗೆ ಒಂದು ಕ್ಷಮೆ ಕೇಳ್ಬಿಡಿ. ಎಲ್ಲ ಮುಗಿಯುತ್ತೆ. ನಮ್ಮ ದೇಶದ ಹೆಸರಿನ ಪ್ರಶ್ನೆ."

"ನಮ್ಮ ದೇಶದಲ್ಲೂ ನಾನು ಕೇಳಿಲ್ಲ ಸಾರ್," ಅಂದರು ಇವರು. "ಚಾರ್ಜ್‌ಶೀಟ್ ಕೊಟ್ಟಾಗ್ಲೂ ಕೇಳಿಲ್ಲ. ಇಲ್ಲಿ ಬಂದು ಕೇಳಲ್ಲ."

ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು. ಗಂಟಲಲ್ಲಿ ಇನ್ನೂ ಹಿಟ್ಟು ಕೆರೆಯುತ್ತಿತ್ತು, ಕೈಯಲ್ಲಿ ಪಾಸ್‌ಪೋರ್ಟಿಲ್ಲ, ಬಾಗಿಲಲ್ಲಿ ಬಂದೂಕು. "ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದೆ. ಇವರು ಸ್ಟೇಷನ್ ಮಾಸ್ಟರ ಕಡೆ ತಿರುಗಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದರು. "ಲೇಟ್, ಮೈ ನೇಮ್. ನಾಟ್ ಶಂಟರ್." ರೈಲು ತಡವಾದದ್ದಕ್ಕೆ ನನ್ನ ಹೆಸರು ಬರೆಯಿರಿ, ಆ ಶಂಟರ್ ಹೆಸರು ಬರೆಯಬೇಡಿ ಅಂತ. ಮುಂದಿನ ರೈಲಿಗೆ ಹೋಗಿ, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿರಿ, ಹಳಿಯ ಹತ್ತಿರ ಕಾಲಿಡಬೇಡಿ ಅಂದರು ಸ್ಟೇಷನ್ ಮಾಸ್ಟರ್. ಇವರು ಆಗಲಿ ಅಂದರು.

ಬೆಂಚು

ಬೆಂಚು ಪ್ಲಾಟ್‌ಫಾರಮ್ಮಿನ ಹಿಂದಿನ ತುದಿಯಲ್ಲಿತ್ತು. ನಾವಿಬ್ಬರೂ ಅಲ್ಲಿ ಕೂತೆವು. ಬಿಸಿಲು ಇಳಿಯುವ ಹೊತ್ತಿಗೆ ಆ ಶಂಟರ್ ಬಂದ. ಕೈಯಲ್ಲಿ ಹಾಲಿಲ್ಲದ ಟೀಯ ಎರಡು ಗ್ಲಾಸು, ಜೊತೆಗೆ ಎರಡು ತುಂಡು ಬೆಲ್ಲ. ಅಲ್ಲಿಯವರು ಸಕ್ಕರೆ ಹಾಕುವುದಿಲ್ಲ, ಬೆಲ್ಲ ಕಚ್ಚುತ್ತ ಟೀ ಕುಡಿಯುತ್ತಾರೆ. ನಮ್ಮ ಮುಂದೆ ಇಟ್ಟು ಬೆಂಚಿನ ತುದಿಯಲ್ಲಿ ಕೂತ. ನಲವತ್ತರ ಆಸುಪಾಸಿನವನು. ಟೀ ತೋಟಗಳ ಕಡೆಯ ಸ್ಟೇಷನ್ನುಗಳಲ್ಲಿ ಕೆಲಸ ಮಾಡಿದ್ದರಿಂದ ಅವನಿಗೆ ಮುರುಕು ತಮಿಳು ಬರುತ್ತಿತ್ತು. ನಮ್ಮವರದು ಯಾರ್ಡಿನ ತಮಿಳು, ನನ್ನದು ಬೆಂಗಳೂರಿನ ತಮಿಳು. ಮೂರೂ ಸೇರಿ ಮಾತು ನಡೆಯಿತು.

"ನಿಮ್ಮಿಂದ ನನಗೆ ಬೈಗುಳ ಬಿತ್ತು," ಅಂದ ಮೊದಲಿಗೆ.

"ಬೈಗುಳ ಬಿದ್ದಿದ್ದಕ್ಕೆ ಬೇಜಾರಿದೆ ತಮ್ಮಾ," ಅಂದರು ನಮ್ಮವರು. "ನಿಲ್ಲಿಸಿದ್ದಕ್ಕೆ ಬೇಜಾರಿಲ್ಲ."

"ನಾನು ದಿನಾ ಹಾಗೇ ಹೋಗೋದು. ನನಗೇನೂ ಆಗ್ತಿರಲಿಲ್ಲ."

ನಮ್ಮವರು ಪಳನಿಯ ವಿಷಯ ಹೇಳಿದರು. ಅವರು ಆ ದಿನದ ಬಗ್ಗೆ ನನ್ನ ಹತ್ತಿರ ಮಾತಾಡಿದ್ದೇ ಕಡಿಮೆ. ಪರದೇಶದ ಬೆಂಚಿನಲ್ಲಿ, ಮುರುಕು ತಮಿಳಿನಲ್ಲಿ, ಗೊತ್ತಿಲ್ಲದವನಿಗೆ ಎಲ್ಲ ಹೇಳಿದರು. ಬಫರುಗಳ ನಡುವೆ ಸಿಕ್ಕಿಕೊಂಡ ಪಳನಿ ಅವು ಬಿಡಿಸಿಕೊಳ್ಳುವವರೆಗೆ ನಿಂತೇ ಇದ್ದ ಅಂತ. ಇಂಜಿನ್ ಹಿಂದಕ್ಕೆ ತೆಗೆಯಬೇಡಿ, ತೆಗೆದರೆ ಬಿದ್ದುಬಿಡ್ತೀನಿ ಅಂತ ಇವರ ಕೈ ಹಿಡಿದುಕೊಂಡಿದ್ದ ಅಂತ. ಅದು ನನಗೂ ಅವತ್ತೇ ಗೊತ್ತಾಗಿದ್ದು.

ಶಂಟರ್ ಎಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ. "ನಾನು ನಿಲ್ಲಿಸು ಅಂದ್ರೆ ಡ್ರೈವರ್ ಕಂಪ್ಲೇಂಟ್ ಮಾಡ್ತಾನೆ. ನನ್ನನ್ನ ಬೇರೆ ಕಡೆ ಹಾಕ್ತಾರೆ. ಮನೆ ಇಲ್ಲಿದೆ."

"ನನ್ನನ್ನೂ ಹಾಕಿದ್ರು."

"ಹೋದ್ರಾ?"

"ಹೋದೆ. ಇವಳು ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದ್ಲು."

ಅವನು ನನ್ನ ಕಡೆ ನೋಡಿದ, ಗ್ಲಾಸುಗಳನ್ನು ತೆಗೆದುಕೊಂಡು ಎದ್ದು ಹೋದ. ಒಪ್ಪಿದನೋ ಇಲ್ಲವೋ ಅಂತ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಎರಡನೆಯ ರೈಲು

ಸಂಜೆಯ ರೈಲು ಬಂತು. ಅದರ ಕೊನೆಯ ಬೋಗಿ ಸರಿಯಾಗಿ ನಮ್ಮ ಬೆಂಚಿನ ಮುಂದೆ ನಿಂತಿತು. ಹಿಂದಿನ ಹಳಿಯಿಂದ ತಳ್ಳುವ ಇಂಜಿನ್ ನಿಧಾನವಾಗಿ ಬರತೊಡಗಿತು. ಅದೇ ಡ್ರೈವರ್. ಶಂಟರ್ ಬೋಗಿಯ ಹಿಂದೆ ಬಂದು ನಿಂತ. ನಮ್ಮ ಕಡೆ ನೋಡಲಿಲ್ಲ. ಇಂಜಿನ್ನಿನ ಕಡೆ ಒಮ್ಮೆ ನೋಡಿ, ಬಗ್ಗಿ, ಒಳಗೆ ಹೋದ.

ನಮ್ಮವರು ಏಳಲಿಲ್ಲ. ಸ್ಟೇಷನ್ ಮಾಸ್ಟರಿಗೆ ಮಾತು ಕೊಟ್ಟಿದ್ದರು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಬೆಳಿಗ್ಗೆ ನಾನು ತಲುಪಿದಾಗ ಎಲ್ಲ ನಿಂತಾಗಿತ್ತು. ಈಗ ಎಲ್ಲವೂ ಕಣ್ಣ ಮುಂದೆ ಚಲಿಸುತ್ತಿತ್ತು. ಒಬ್ಬ ಮನುಷ್ಯ ನಡುವೆ ನಿಂತು ಭಾರದ ಕಪ್ಲಿಂಗನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾನೆ. ಅವನ ಆಚೆ ಒಂದು, ಈಚೆ ಒಂದು ಕಬ್ಬಿಣದ ಬಿಲ್ಲೆ, ಎದೆಯಷ್ಟು ಎತ್ತರಕ್ಕೆ, ಗ್ರೀಸ್ ಬಳಿದುಕೊಂಡು ಹೊಳೆಯುತ್ತ ಹತ್ತಿರ ಬರುತ್ತಿದೆ. ಅವನು ಆಚೀಚೆ ಒಂದು ಹೆಜ್ಜೆ ಇಟ್ಟರೆ ಮುಗಿಯಿತು. ಇಷ್ಟು ವರ್ಷ ಬುತ್ತಿ ಕಟ್ಟಿ ನಾನು ಇವರನ್ನು ಕಳಿಸುತ್ತಿದ್ದದ್ದು ಈ ಜಾಗಕ್ಕೆ. ಈ ಜಾಗಕ್ಕೆ ಹೋಗಲ್ಲ ಅಂದದ್ದಕ್ಕೆ ಇವರನ್ನು ಹಟಮಾರಿ ಅಂದರು. ನಾನು ಮಧ್ಯಾಹ್ನ ಅಂದದ್ದರ ಅರ್ಥವೂ ಅದೇ.

ಎದ್ದದ್ದು ನನಗೆ ಗೊತ್ತಾಗಲಿಲ್ಲ. ಪ್ಲಾಟ್‌ಫಾರಮ್ಮಿನ ಅಂಚಿಗೆ ಹೋಗಿ ಎರಡೂ ಕೈ ತಲೆಯ ಮೇಲೆ ಎತ್ತಿ ಕೂಗಿದೆ. "ನಿಲ್ಸೋ ಇಂಜಿನ್ನ. ಒಳಗೆ ಮನುಷ್ಯ ಅವ್ನೆ, ಕಣ್ ಕಾಣ್ಸಲ್ವಾ? ನಿಲ್ಸೋ." ಹೊಲಿಗೆ ಮೆಷೀನುಗಳ ಗದ್ದಲದಲ್ಲಿ ಈ ತುದಿಯಿಂದ ಆ ತುದಿಗೆ ದಾರ ಕೇಳಿ ಕೂಗಿ ಬೆಳೆದ ಗಂಟಲು. ಇಡೀ ಸ್ಟೇಷನ್ ತಿರುಗಿ ನೋಡಿತು. ಡ್ರೈವರಿಗೆ ಕನ್ನಡ ಎಲ್ಲಿಂದ ಬರಬೇಕು, ಆದರೂ ಅವನಿಗೆ ಅರ್ಥವಾಯಿತು. ಇಂಜಿನ್ ನಿಂತಿತು. ಶಂಟರಿಗೂ ಅದಕ್ಕೂ ನಡುವೆ ಇನ್ನೂ ಒಂದು ಎತ್ತಿನಗಾಡಿ ಹಿಡಿಯುವಷ್ಟು ಜಾಗವಿತ್ತು.

ಸ್ಟೇಷನ್ ಮಾಸ್ಟರ್ ಕೋಣೆಯಿಂದ ಹೊರಗೆ ಬಂದರು. ಬಾಗಿಲಲ್ಲೇ ನಿಂತರು. ಮುಂದೆ ಬರಲಿಲ್ಲ.

ಶಂಟರ್ ಒಳಗಿನಿಂದಲೇ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಸುಸ್ತಾದ ಹಾಗಿತ್ತು ಮುಖ. "ಅಕ್ಕಾ," ಅಂದ ತಮಿಳಿನಲ್ಲಿ, "ನಾಳೆ ನೀವಿರಲ್ಲ."

ಉತ್ತರ ನನ್ನ ಹಿಂದಿನಿಂದ ಬಂತು. ನಮ್ಮವರು ಬೆಂಚಿನಿಂದ ಏಳದೆ ಹೇಳಿದರು. "ನೀನಿರ್ತೀಯಲ್ಲ. ನೀನು ಕೂಗು."

ಡ್ರೈವರ್ ಹಾರ್ನ್ ಬಾರಿಸಿದ. ಶಂಟರ್ ಕಪ್ಲಿಂಗನ್ನು ಬೋಗಿಯದೇ ಕೊಕ್ಕೆಗೆ ನೇತುಹಾಕಿ, ಬಗ್ಗಿ ಹೊರಗೆ ಬಂದ. ಪಕ್ಕದಲ್ಲಿ ನಿಂತು ಕೈ ಬೀಸಿದ. ಇಂಜಿನ್ ಮೆಲ್ಲನೆ ಬಂದು, ಬಫರಿಗೆ ಬಫರ್ ತಾಗಿ, ಸ್ಪ್ರಿಂಗು ಒಂದಿಷ್ಟು ಒಳಗೆ ಹೋಗಿ, ನಿಂತಿತು. ಡ್ರೈವರ್ ಮತ್ತೆ ಹಾರ್ನ್ ಬಾರಿಸಿದ. ಶಂಟರ್ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ. ಆಮೇಲೆ ಒಳಗೆ ಹೋದ. ಕಪ್ಲಿಂಗನ್ನು ಇಂಜಿನ್ನಿನ ಕೊಕ್ಕೆಗೆ ಹಾಕಿ, ತಿರುಪನ್ನು ಕೊನೆಯ ಸುತ್ತಿನವರೆಗೂ ಬಿಗಿ ಮಾಡಿದ. ಅವಸರ ಮಾಡಲಿಲ್ಲ. ಅದು ಅವನು ಮನಸ್ಸು ಮಾಡಿದ್ದೋ, ಡ್ರೈವರ ಮೇಲಿನ ಸಿಟ್ಟಿಗೋ, ನಮ್ಮ ಕಾಟಕ್ಕೋ ನನಗೆ ಗೊತ್ತಿಲ್ಲ. ಮರುದಿನ ಏನು ಮಾಡಿದನೋ ಅದೂ ಗೊತ್ತಿಲ್ಲ.

ನಾವು ಅದೇ ಕೊನೆಯ ಬೋಗಿ ಹತ್ತಿದೆವು. ಏರು ಶುರುವಾಯಿತು. ಹಿಂದಿನಿಂದ ಇಂಜಿನ್ ತಳ್ಳುವುದು ಬೆನ್ನಿಗೆ ತಿಳಿಯುತ್ತಿತ್ತು. ಕೆಳಗೆ ಕಣಿವೆ, ಮಂಜು, ಮೆಟ್ಟಿಲು ಮೆಟ್ಟಿಲಾದ ಗದ್ದೆ. ಈ ಸಲ ನಮ್ಮವರು ಹೊರಗೆ ನೋಡಿದರು. ನಾನು ಡಬ್ಬಿ ತೆಗೆದು, ಬಾಟಲಿಯ ನೀರಿನಲ್ಲಿ ಹುರಿಹಿಟ್ಟು ಕಲಸಿ ಇಬ್ಬರೂ ತಿಂದೆವು. ಅವತ್ತು ನಮ್ಮ ಹೊಟ್ಟೆಗೆ ಊಟ ಅಂತ ಬಿದ್ದದ್ದು ಅದೇ.

ಕ್ಯಾಂಡಿ

ಮೇಷ್ಟ್ರು ಸ್ಟೇಷನ್ನಿಗೆ ಬಂದಿದ್ದರು. ಒಬ್ಬರೇ, ಸ್ವೆಟರ್ ಹಾಕಿಕೊಂಡು, ಕಾದು ಕಾದು ದಣಿದಿದ್ದರು. ನಮ್ಮನ್ನು ನೋಡಿದ ಮೇಲೆ ಅವರ ಮುಖಕ್ಕೆ ಬಣ್ಣ ಬಂತು. ಒಳ್ಳೆಯ ಮನುಷ್ಯರೇ. ನಮ್ಮ ಚೀಲ ಕೈಗೆ ತೆಗೆದುಕೊಂಡರು. ಸ್ವಲ್ಪ ದೂರ ನಡೆದ ಮೇಲೆ ಕೇಳಿದರು.

"ಕೊನೆಗೆ ಕ್ಷಮೆ ಕೇಳಿದ್ರಿ ತಾನೆ?"

ನಮ್ಮವರು ಬಾಯಿ ತೆರೆಯುವ ಮೊದಲು ನಾನು ಹೇಳಿದೆ.

"ಇಲ್ಲ ಮೇಷ್ಟ್ರೇ. ಸಂಜೆ ರೈಲಲ್ಲೂ ಹಂಗೇ ಆಯ್ತು. ಆ ಸಲ ನಿಲ್ಲಿಸಿದ್ದು ನಾನು."

ಮೇಷ್ಟ್ರು ನಿಂತುಬಿಟ್ಟರು. ನಮ್ಮವರನ್ನು ನೋಡಿದರು, ನನ್ನನ್ನು ನೋಡಿದರು. ನಮ್ಮವರು ಇಲ್ಲಿ ಹಾಲು ಹಾಕಿದ ಟೀ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಮೂವರೂ ಅದನ್ನು ಹುಡುಕಿಕೊಂಡು ಹೊರಟೆವು.